ಕರಿ ಚುಕ್ಕೆ, ಬಿಳಿ ಬಾವು

2002ರ ಜನವರಿಯಲ್ಲಿ ಆಲ್‌ಝೈಮರ್ ಕಾಯಿಲೆಯ ಲಸಿಕೆಯೊಂದರ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಲಸಿಕೆಯ ಹೆಸರು ಎಎನ್-1792. ಆಲ್‌ಝೈಮರ್ ಇರುವವರ ಮೆದುಳಿನಲ್ಲಿ ಬೀಟಾ-ಅಮೈಲಾಯ್ಡ್ ಎಂಬ ಪ್ರೋಟೀನು ಗಂಟುಗಂಟಾಗಿ ಶೇಖರವಾಗಿರುತ್ತದೆ. ಅದೇ ಪ್ರೋಟೀನನ್ನು ಚುಚ್ಚುಮದ್ದಾಗಿ ಕೊಟ್ಟರೆ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ, ಆ ಪ್ರತಿಕಾಯಗಳು ಮೆದುಳಿಗೆ ಹೋಗಿ ಗಂಟುಗಳನ್ನು ತೊಳೆದು ಹಾಕುತ್ತವೆ ಎಂಬುದು ಆಲೋಚನೆ. 1999ರಲ್ಲಿ ಡೇಲ್ ಶೆಂಕ್ ಮತ್ತು ಸಂಗಡಿಗರು ಇಲಿಗಳಲ್ಲಿ ಇದನ್ನು ಮಾಡಿ ತೋರಿಸಿದ್ದರು. ಮನುಷ್ಯರಲ್ಲಿ ಫಲಿತಾಂಶ ಬೇರೆಯಾಯಿತು. ಲಸಿಕೆ ಪಡೆದ 300 ಮಂದಿಯಲ್ಲಿ 18 ಮಂದಿಗೆ ಮೆದುಳು ಮತ್ತು ಅದರ ಪೊರೆಗಳ ಉರಿಯೂತ ಬಂತು. ಹುಸಿಮದ್ದು ಪಡೆದ 72 ಮಂದಿಯಲ್ಲಿ ಒಬ್ಬರಿಗೂ ಬರಲಿಲ್ಲ.

ಇದೇ ಲಸಿಕೆಯ ಇನ್ನೂ ಮೊದಲಿನ ಹಂತದ ಪ್ರಯೋಗದಲ್ಲಿದ್ದ ಒಬ್ಬ ಮಹಿಳೆ ತೀರಿಕೊಂಡಾಗ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಜೇಮ್ಸ್ ನಿಕೋಲ್ ಮತ್ತವರ ಜೊತೆಗಾರರು ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಡಿ ನೋಡಿದರು. 2003ರಲ್ಲಿ ಪ್ರಕಟವಾದ ಆ ವರದಿಯನ್ನು ಓದಿದಾಗ ಇವತ್ತಿಗೂ ಆಶ್ಚರ್ಯವಾಗುತ್ತದೆ. ಮೆದುಳಿನ ಹೊರಪದರದ ಹಲವು ಭಾಗಗಳಲ್ಲಿ ಅಮೈಲಾಯ್ಡ್ ಗಂಟುಗಳು ನಿಜವಾಗಿಯೂ ಮಾಯವಾಗಿದ್ದವು. ಲಸಿಕೆ ತನ್ನ ಕೆಲಸ ಮಾಡಿತ್ತು. ಆದರೆ ರಕ್ತನಾಳಗಳ ಗೋಡೆಯಲ್ಲಿ ಕೂತಿದ್ದ ಅಮೈಲಾಯ್ಡ್ ಹಾಗೇ ಉಳಿದಿತ್ತು. ಮೆದುಳಿನ ಪೊರೆಗಳಲ್ಲಿ ರೋಗನಿರೋಧಕ ಕಣಗಳು ನೆರೆದಿದ್ದವು, ಒಳಗಿನ ನರತಂತುಗಳ ಭಾಗವಾದ ವೈಟ್ ಮ್ಯಾಟರ್‌ಗೂ ನುಗ್ಗಿದ್ದವು.

ಈ ಅಧ್ಯಾಯದ ವಿಷಯ ಲಸಿಕೆಯಲ್ಲ. ಯಾವ ಲಸಿಕೆಯನ್ನೂ ತೆಗೆದುಕೊಳ್ಳದ ಕೆಲವು ವೃದ್ಧರಲ್ಲಿ ಇದೇ ಘಟನೆ ತಾನಾಗಿಯೇ ನಡೆಯುತ್ತದೆ. ಅವರ ದೇಹ ಯಾವುದೋ ಗಳಿಗೆಯಲ್ಲಿ ತನ್ನದೇ ರಕ್ತನಾಳಗಳಲ್ಲಿರುವ ಅಮೈಲಾಯ್ಡ್ ಮೇಲೆ ಯುದ್ಧ ಹೂಡುತ್ತದೆ. ಮೆದುಳು ಊದಿಕೊಳ್ಳುತ್ತದೆ, ಬುದ್ಧಿ ಮಂಕಾಗುತ್ತದೆ, ಫಿಟ್ಸ್ ಬರುತ್ತದೆ. ಇದಕ್ಕೆ ಸೆರೆಬ್ರಲ್ ಅಮೈಲಾಯ್ಡ್ ಆಂಜಿಯೋಪತಿ ಸಂಬಂಧಿತ ಉರಿಯೂತ ಎಂದು ಹೆಸರು. ಮೆದುಳಿನ ಒಟ್ಟಾರೆ ಕೆಲಸವೇ ಕೆಡುವುದರಿಂದ ವೈದ್ಯರು ಎನ್ಸೆಫಲೋಪತಿ ಎಂದೂ ಬರೆಯುತ್ತಾರೆ. ಈ ಕಾಯಿಲೆಯನ್ನು ನಾನು ಒಂದು ಅಧ್ಯಾಯ ಕೊಟ್ಟು ಬರೆಯುವುದಕ್ಕೆ ಕಾರಣ ಅದರ ಅಪರೂಪವಲ್ಲ. ಮುಪ್ಪಿನಲ್ಲಿ ಬುದ್ಧಿ ಕೆಡಿಸುವ ಕಾಯಿಲೆಗಳಲ್ಲಿ ಬಹುಪಾಲು ಹಿಂದಿರುಗದ ದಾರಿಗಳು. ಇದು ಹಾಗಲ್ಲ, ಬೇಗ ಕಂಡುಹಿಡಿದರೆ ಹಲವರು ಮರಳಿ ಬರುತ್ತಾರೆ. ಕಂಡುಹಿಡಿಯುವುದಕ್ಕೆ ಈಗ ಬಹುತೇಕ ಸಂದರ್ಭಗಳಲ್ಲಿ ತಲೆಬುರುಡೆ ತೆರೆಯಬೇಕಾಗಿಯೂ ಇಲ್ಲ. ಎಂಆರ್‌ಐ ಯಂತ್ರಕ್ಕೆ ಸರಿಯಾದ ಪ್ರಶ್ನೆ ಕೇಳಿದರೆ ಸಾಕು.

ಮೊದಲು ರಕ್ತನಾಳದ ಗೋಡೆಗೆ ಈ ಪ್ರೋಟೀನು ಬಂದದ್ದು ಹೇಗೆ ಎಂದು ನೋಡಬೇಕು. ಬೀಟಾ-ಅಮೈಲಾಯ್ಡ್ ಕಾಯಿಲೆಯವರಲ್ಲಿ ಮಾತ್ರ ಹುಟ್ಟುವ ವಿಷವಲ್ಲ. ನಿಮ್ಮ ಮೆದುಳಿನಲ್ಲೂ ನನ್ನ ಮೆದುಳಿನಲ್ಲೂ ನರಕೋಶಗಳು ದಿನವೂ ಅದನ್ನು ಉತ್ಪಾದಿಸುತ್ತವೆ, ದಿನವೂ ಅದು ಹೊರಹೋಗುತ್ತದೆ. ಹೊರಹೋಗುವ ದಾರಿಗಳಲ್ಲಿ ಒಂದು ಅಪಧಮನಿಯ ಗೋಡೆಯೊಳಗೇ ಇದೆ ಎಂದು ಸೌತಾಂಪ್ಟನ್‌ನವರೇ ಆದ ರಾಯ್ ವೆಲ್ಲರ್ ವಾದಿಸಿದರು. ಗೋಡೆಯ ಸ್ನಾಯುಕೋಶಗಳ ನಡುವಿನ ಸಂದಿಗಳಲ್ಲಿ ಮೆದುಳಿನ ಕಸ ಹೊತ್ತ ದ್ರವ ರಕ್ತದ ಹರಿವಿಗೆ ಎದುರಾಗಿ ಸಾಗಿ ಆಚೆ ಬೀಳುತ್ತದೆ. ವಯಸ್ಸಾದಂತೆ ನಾಳಗಳು ಬಿರುಸಾಗುತ್ತವೆ, ಈ ಒಳಚರಂಡಿ ನಿಧಾನವಾಗುತ್ತದೆ, ಹೋಗಬೇಕಾದ ಅಮೈಲಾಯ್ಡ್ ಗೋಡೆಯಲ್ಲೇ ನಿಲ್ಲುತ್ತದೆ. ಇದೇ ಅಮೈಲಾಯ್ಡ್ ಆಂಜಿಯೋಪತಿ. ಗೋಡೆಯಲ್ಲಿ ನಿಲ್ಲುವುದು ಹೆಚ್ಚಾಗಿ 40 ಅಮೈನೋ ಆಮ್ಲಗಳ ತುಸು ಗಿಡ್ಡ ತುಣುಕು, ನರಕೋಶಗಳ ನಡುವೆ ಗಂಟು ಕಟ್ಟುವುದು ಹೆಚ್ಚಾಗಿ 42 ಅಮೈನೋ ಆಮ್ಲಗಳದ್ದು. ಒಂದೇ ಪ್ರೋಟೀನು ಎರಡು ಕಡೆ ಎರಡು ಬಗೆಯ ಹಾನಿ ಮಾಡುತ್ತದೆ. ಕುತೂಹಲದ ಸಂಗತಿಯೆಂದರೆ, 1984ರಲ್ಲಿ ಜಾರ್ಜ್ ಗ್ಲೆನ್ನರ್ ಮತ್ತು ಕೈನ್ ವಾಂಗ್ ಈ ಪ್ರೋಟೀನನ್ನು ಮೊಟ್ಟಮೊದಲು ಬೇರ್ಪಡಿಸಿದ್ದು ಮೆದುಳಿನ ಪೊರೆಯ ರಕ್ತನಾಳಗಳಿಂದ. ಆಲ್‌ಝೈಮರ್ ಸಂಶೋಧನೆಯ ಮಹಾದ್ವಾರ ತೆರೆದದ್ದೇ ನಾಳಗಳ ಕಡೆಯಿಂದ. ಆಮೇಲೆ ಹಲವು ವರ್ಷ ಎಲ್ಲರ ಕಣ್ಣು ಗಂಟುಗಳ ಮೇಲೆ ನೆಟ್ಟಿತು, ನಾಳಗಳು ಹಿಂದೆ ಸರಿದವು.

ಅಮೈಲಾಯ್ಡ್ ತುಂಬಿದ ಗೋಡೆಯಲ್ಲಿ ಸ್ನಾಯುಕೋಶಗಳು ಸಾಯುತ್ತವೆ. ವರ್ಷಗಟ್ಟಲೆ ಬಿಸಿಲಿನಲ್ಲಿ ಬಿದ್ದ ತೋಟದ ರಬ್ಬರ್ ಪೈಪಿನಂತೆ ನಾಳ ಗಡಸಾಗಿ, ಬಿರುಕು ಬಿಟ್ಟು, ಅಲ್ಲಲ್ಲಿ ಒಸರತೊಡಗುತ್ತದೆ. ಹೆಚ್ಚಿನ ಸಲ ಒಸರುವುದು ಹನಿ ರಕ್ತ. ಆ ಮನುಷ್ಯನಿಗೆ ಏನೂ ಗೊತ್ತಾಗುವುದಿಲ್ಲ. ಒಮ್ಮೊಮ್ಮೆ ನಾಳ ಒಡೆದು ದೊಡ್ಡ ರಕ್ತಸ್ರಾವವಾಗಿ ಲಕ್ವ ಹೊಡೆಯುತ್ತದೆ. ರಕ್ತ ಸೋರುವ ಜಾಗಕ್ಕೆ ಇಲ್ಲಿ ಬಹಳ ಮಹತ್ವವಿದೆ. ಬಿಪಿಯಿಂದ ಒಡೆಯುವ ನಾಳಗಳು ಮೆದುಳಿನ ಆಳದಲ್ಲಿರುತ್ತವೆ: ಥಲಾಮಸ್, ಬೇಸಲ್ ಗ್ಯಾಂಗ್ಲಿಯಾ, ಮೆದುಳುಕಾಂಡ. ಅಮೈಲಾಯ್ಡ್ ಕೂರುವುದು ಮೆದುಳಿನ ಹೊರಪದರದ ಮತ್ತು ಅದರ ಮೇಲಿನ ಪೊರೆಯ ನಾಳಗಳಲ್ಲಿ, ಅದರಲ್ಲೂ ತಲೆಯ ಹಿಂಭಾಗದ ಹಾಲೆಯಲ್ಲಿ ಹೆಚ್ಚು. ಹೀಗಾಗಿ ಇದರ ರಕ್ತಸ್ರಾವ ಅಂಚಿನಲ್ಲಿರುತ್ತದೆ. ಹನಿ ರಕ್ತ ಎಲ್ಲಿ ಬಿದ್ದಿದೆ ಎಂಬುದನ್ನು ನೋಡಿಯೇ ಯಾವ ಕಾಯಿಲೆ ಎಂದು ಅರ್ಧದಷ್ಟು ಊಹಿಸಬಹುದು.

ಆ ಹನಿಗಳನ್ನು ನೋಡುವುದು ಹೇಗೆ? ಸಿ.ಟಿ. ಸ್ಕ್ಯಾನಿಗೆ ಅವು ಕಾಣವು. ಎಂಆರ್‌ಐಗೆ ಕಾಣುತ್ತವೆ, ಅದಕ್ಕೆ ಕಾರಣ ಕಬ್ಬಿಣ. ನಾಳದ ಹೊರಗೆ ಬಿದ್ದ ಕೆಂಪುರಕ್ತಕಣ ಒಡೆದಾಗ ಅದರೊಳಗಿನ ಹಿಮೋಗ್ಲೋಬಿನ್ ಹಂತಹಂತವಾಗಿ ಕಳಚಿ ಕೊನೆಗೆ ಹಿಮೋಸಿಡೆರಿನ್ ಎಂಬ ಕಬ್ಬಿಣಭರಿತ ಕಣವಾಗುತ್ತದೆ. ಸ್ವಚ್ಛಗೊಳಿಸಲು ಬಂದ ಕೋಶಗಳು ಅದನ್ನು ನುಂಗಿ ಅಲ್ಲೇ ಕೂರುತ್ತವೆ, ವರ್ಷಗಟ್ಟಲೆ ಕೂರುತ್ತವೆ. ರಕ್ತ ಕಾಂತಕ್ಕೆ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದು ಹಳೆಯ ಪ್ರಶ್ನೆ. ಮೈಕೆಲ್ ಫ್ಯಾರಡೇ 19ನೇ ಶತಮಾನದಲ್ಲೇ ಒಣಗಿದ ರಕ್ತವನ್ನು ಕಾಂತದ ಬಳಿ ಹಿಡಿದು ನೋಡಿದ್ದ. 1936ರಲ್ಲಿ ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್, ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನಿಗೂ ಆಮ್ಲಜನಕ ಇಳಿಸಿದ ಹಿಮೋಗ್ಲೋಬಿನ್ನಿಗೂ ಕಾಂತಗುಣ ಬೇರೆ ಎಂದು ಅಳೆದು ತೋರಿಸಿದರು. ಹಿಮೋಸಿಡೆರಿನ್ ಕಾಂತಕ್ಷೇತ್ರಕ್ಕೆ ಇನ್ನೂ ಜೋರಾಗಿ ಸ್ಪಂದಿಸುತ್ತದೆ.

ಎಂಆರ್‌ಐ ಯಂತ್ರ ಆಲಿಸುವುದು ದೇಹದ ನೀರಿನಲ್ಲಿರುವ ಹೈಡ್ರೋಜನ್ ನ್ಯೂಕ್ಲಿಯಸ್‌ಗಳನ್ನು. ಅವು ಒಂದೇ ಲಯದಲ್ಲಿ ತಿರುಗುತ್ತಿರುವಷ್ಟು ಹೊತ್ತು ಸದ್ದು ಸ್ಪಷ್ಟ. ನಡುವೆ ಒಂದು ಕಬ್ಬಿಣದ ಕಣ ಇದ್ದರೆ ಅದರ ಸುತ್ತಲಿನ ಕಾಂತಕ್ಷೇತ್ರ ಸ್ವಲ್ಪ ತಿರುಚಿಕೊಳ್ಳುತ್ತದೆ, ಅಲ್ಲಿನ ನ್ಯೂಕ್ಲಿಯಸ್‌ಗಳು ಲಯ ತಪ್ಪುತ್ತವೆ, ಸದ್ದು ಅಡಗುತ್ತದೆ. ಚಿತ್ರದಲ್ಲಿ ಆ ಜಾಗ ಕಪ್ಪು. ಸಾಮಾನ್ಯ ಎಂಆರ್‌ಐ ಚಿತ್ರಗಳು ಇಂಥ ಲಯಭಂಗವನ್ನು ಸರಿಪಡಿಸಿಕೊಳ್ಳುವಂತೆ ರೂಪಿಸಿದವು. ಅವುಗಳಲ್ಲಿ ಚುಕ್ಕೆಗಳು ತಪ್ಪಿಹೋಗುತ್ತವೆ. ಸರಿಪಡಿಸದೆ ಬಿಡುವ ಬಗೆಯೊಂದಿದೆ, ಅದು ಗ್ರೇಡಿಯೆಂಟ್ ಎಕೋ. ಲಯಭಂಗವನ್ನೇ ಹಿಗ್ಗಿಸಿ ತೋರಿಸುವ ಬಗೆ ಇನ್ನೊಂದು, ಮಾರ್ಕ್ ಹಾಕೆ ಮತ್ತು ಜೊತೆಗಾರರು 1990ರ ದಶಕದಲ್ಲಿ ಬೆಳೆಸಿದ ಎಸ್‌ಡಬ್ಲ್ಯೂಐ. ಅದರಲ್ಲಿ ಚುಕ್ಕೆ ತನ್ನ ನಿಜವಾದ ಗಾತ್ರಕ್ಕಿಂತ ದೊಡ್ಡದಾಗಿ ಅರಳುತ್ತದೆ. ಹಿಂದೊಂದು ಕಾಲದಲ್ಲಿ ಶವಪರೀಕ್ಷೆಯಲ್ಲಿ ಮಾತ್ರ ಸಿಗುತ್ತಿದ್ದ ಕುರುಹು ಈಗ ಬದುಕಿರುವವರಲ್ಲೇ ಎಣಿಕೆಗೆ ಸಿಗುತ್ತದೆ. ಬಾಸ್ಟನ್‌ನ ವೈದ್ಯರ ಗುಂಪೊಂದು 1990ರ ದಶಕದಲ್ಲಿ ಇದನ್ನೇ ಆಧಾರವಾಗಿಟ್ಟು ಅಮೈಲಾಯ್ಡ್ ಆಂಜಿಯೋಪತಿಯನ್ನು ಗುರುತಿಸುವ ನಿಯಮಗಳನ್ನು ಬರೆಯಿತು. 2010ರಲ್ಲಿ ಅದಕ್ಕೆ ಮೆದುಳಿನ ಮೇಲ್ಮೈಯ ಮಡಿಕೆಗಳುದ್ದಕ್ಕೂ ಕಬ್ಬಿಣ ಲೇಪವಾಗಿರುವ ಲಕ್ಷಣ ಸೇರಿತು. 2022ರ ಎರಡನೇ ಆವೃತ್ತಿಯಲ್ಲಿ ವೈಟ್ ಮ್ಯಾಟರ್‌ನ ಕೆಲವು ಲಕ್ಷಣಗಳೂ ಸೇರಿದವು. ವಯಸ್ಸಿನ ಮಿತಿಯನ್ನು 55ರಿಂದ 50ಕ್ಕೆ ಇಳಿಸಲಾಯಿತು.

ಕಪ್ಪು ಚುಕ್ಕೆ ಹೇಳುವುದು ಹಳೆಯ ಕತೆ. ಈ ಮನುಷ್ಯನ ನಾಳಗಳಲ್ಲಿ ಅಮೈಲಾಯ್ಡ್ ಇದೆ, ಹಿಂದೆ ಸೋರಿದೆ ಎಂದಷ್ಟೇ. ಈಗ ಉರಿಯುತ್ತಿದೆಯೇ ಎಂಬುದಕ್ಕೆ ಬೇರೆ ಚಿತ್ರ ಬೇಕು.

2004ರಲ್ಲಿ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಸ್ಟೀವನ್ ಗ್ರೀನ್‌ಬರ್ಗ್ ಮತ್ತು ಸಂಗಡಿಗರು ಒಂದು ಚಿಕ್ಕ, ಆದರೆ ದಾರಿ ತೋರಿಸಿದ ಅಧ್ಯಯನ ಪ್ರಕಟಿಸಿದರು. ಅಂಗಾಂಶ ಪರೀಕ್ಷೆಯಲ್ಲಿ ಅಮೈಲಾಯ್ಡ್ ಆಂಜಿಯೋಪತಿ ಖಚಿತವಾಗಿದ್ದ 42 ರೋಗಿಗಳಲ್ಲಿ 7 ಮಂದಿಯ ನಾಳಗಳ ಸುತ್ತ ಉರಿಯೂತವೂ ಇತ್ತು. ಈ ಏಳು ಮಂದಿ ಆಸ್ಪತ್ರೆಗೆ ಬಂದ ಕಾರಣವೇ ಬೇರೆಯಾಗಿತ್ತು. ಉಳಿದವರಂತೆ ದೊಡ್ಡ ರಕ್ತಸ್ರಾವದಿಂದ ಬಂದವರಲ್ಲ. ಬುದ್ಧಿ ವೇಗವಾಗಿ ಕುಂದಿದ್ದರಿಂದ, ಫಿಟ್ಸ್‌ನಿಂದ ಬಂದವರು. ಅವರಲ್ಲಿ ಐವರಿಗೆ ಎಪಿಒಇ ಎಂಬ ಜೀನಿನ ಇ-4 ರೂಪ ತಂದೆ ತಾಯಿ ಇಬ್ಬರಿಂದಲೂ ಬಂದಿತ್ತು. ಉರಿಯೂತ ಇಲ್ಲದವರಲ್ಲಿ ಹಾಗಿದ್ದವರು ನೂರಕ್ಕೆ ನಾಲ್ಕು ಮಾತ್ರ. ಎಲ್ಲಕ್ಕಿಂತ ಮುಖ್ಯವಾಗಿ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಚಿಕಿತ್ಸೆ ಪಡೆದ 6 ಮಂದಿಯಲ್ಲಿ 5 ಮಂದಿ ಸುಧಾರಿಸಿದರು. ಅವರ ಎಂಆರ್‌ಐ ಚಿತ್ರಗಳೂ ಸುಧಾರಿಸಿದವು.

ಆ ಚಿತ್ರಗಳಲ್ಲಿ ಇದ್ದದ್ದು ಬಿಳಿ ಬಾವು. ಉರಿಯೂತದಿಂದ ನಾಳದ ಗೋಡೆ ಸಡಿಲಗೊಂಡಾಗ ರಕ್ತದ ನೀರಿನಂಶ ಹೊರಗೆ ಬರುತ್ತದೆ. ಮೆದುಳಿನ ಹೊರಪದರ ದಟ್ಟವಾಗಿ ಹೆಣೆದುಕೊಂಡಿರುವುದರಿಂದ ಅಲ್ಲಿ ನಿಲ್ಲಲು ನೀರಿಗೆ ಜಾಗ ಕಡಿಮೆ. ಅದರ ಕೆಳಗಿರುವ ವೈಟ್ ಮ್ಯಾಟರ್‌ನಲ್ಲಿ ನರತಂತುಗಳು ಉದ್ದುದ್ದ ಸಾಲುಗಟ್ಟಿರುವುದರಿಂದ ನೀರು ಅವುಗಳ ನಡುವೆ ಇಳಿದು ಹರಡಿಕೊಳ್ಳುತ್ತದೆ. ಈ ನೀರನ್ನು ಎತ್ತಿ ತೋರಿಸುವ ಚಿತ್ರ ಫ್ಲೇರ್. 1990ರ ದಶಕದ ಆರಂಭದಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಗ್ರೇಮ್ ಬಿಡರ್ ಅವರ ಗುಂಪು ಇದನ್ನು ರೂಪಿಸಿತು. ಮೆದುಳಿನ ಕುಹರಗಳಲ್ಲಿ ಸಹಜವಾಗಿಯೇ ಇರುವ ದ್ರವದ ಸದ್ದನ್ನು ಇದು ಅಡಗಿಸುತ್ತದೆ, ಅಂಗಾಂಶದೊಳಗೆ ಇರಬಾರದ ಕಡೆ ಸೇರಿಕೊಂಡ ನೀರನ್ನು ಬೆಳ್ಳಗೆ ಬೆಳಗಿಸುತ್ತದೆ.

ಇಲ್ಲೊಂದು ತೊಡಕಿದೆ. ಅರವತ್ತು ದಾಟಿದ ಹೆಚ್ಚಿನವರ ಫ್ಲೇರ್ ಚಿತ್ರದಲ್ಲಿ ಎಷ್ಟೋ ಅಷ್ಟು ಬಿಳಿ ಇದ್ದೇ ಇರುತ್ತದೆ. ಬಿಪಿ, ಸಕ್ಕರೆ ಕಾಯಿಲೆ, ಬರಿಯ ವಯಸ್ಸು, ಎಲ್ಲದರ ಗುರುತೂ ಬಿಳಿಯೇ. ಆ ಬಿಳಿ ಸಾಮಾನ್ಯವಾಗಿ ಎಡಬಲ ಎರಡೂ ಕಡೆ ಒಂದೇ ತೆರನಾಗಿ, ಮೆದುಳಿನ ನಡುವಿನ ಕುಹರಗಳ ಅಂಚಿಗೆ ಅಂಟಿಕೊಂಡಿರುತ್ತದೆ. ಹೊರಪದರದ ತೀರಾ ಕೆಳಗೆ ಒಂದು ಮಡಿಕೆಯಿಂದ ಪಕ್ಕದ ಮಡಿಕೆಗೆ ಬಾಗಿ ಹೋಗುವ ತಂತುಗಳ ತೆಳು ಪಟ್ಟಿಯನ್ನು ಅದು ಮುಟ್ಟುವುದಿಲ್ಲ. ಅಮೈಲಾಯ್ಡ್ ಉರಿಯೂತದ ಬಿಳಿ ಈ ಎರಡು ನಿಯಮಗಳನ್ನೂ ಮುರಿಯುತ್ತದೆ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಹೊರಪದರದ ತಳದವರೆಗೂ ಚಾಚಿ, ಮಡಿಕೆಗಳ ಒಳಗೆ ಬೆರಳು ತೂರಿದಂತೆ ಏರಿರುತ್ತದೆ. ಅದೇ ಜಾಗವನ್ನು ಎಸ್‌ಡಬ್ಲ್ಯೂಐನಲ್ಲಿ ನೋಡಿದರೆ ಅಲ್ಲಿ ಅಥವಾ ಬೇರೆ ಹಾಲೆಗಳ ಅಂಚಿನಲ್ಲಿ ಕರಿ ಚುಕ್ಕೆಗಳು ಚೆಲ್ಲಿರುತ್ತವೆ. ಒಂದೊಂದನ್ನೇ ನೋಡಿದರೆ ಎರಡೂ ನೂರು ಕಾಯಿಲೆಗಳಲ್ಲಿ ಇರಬಹುದು. ಒಟ್ಟಿಗೆ ಇದ್ದಾಗ ಮಾತ್ರ ಅವು ಒಂದೇ ಕಡೆಗೆ ಕೈ ತೋರುತ್ತವೆ.

ಮೂರನೆಯ ಚಿತ್ರವೂ ಬೇಕು. ಡಿಫ್ಯೂಷನ್ ಎಂಬ ಬಗೆಯಲ್ಲಿ ನೀರಿನ ಅಣುಗಳು ಎಷ್ಟು ಸಲೀಸಾಗಿ ಓಡಾಡುತ್ತಿವೆ ಎಂಬುದನ್ನು ಅಳೆಯುತ್ತಾರೆ. ರಕ್ತ ಸಿಗದೆ ಲಕ್ವವಾದಾಗ ನರಕೋಶಗಳೇ ಊದಿ ನೀರು ಅವುಗಳೊಳಗೆ ಸಿಕ್ಕಿಬೀಳುತ್ತದೆ, ಓಡಾಟ ನಿಲ್ಲುತ್ತದೆ. ಉರಿಯೂತದ ಬಾವಿನಲ್ಲಿ ನೀರು ಕೋಶಗಳ ಹೊರಗಿರುವುದರಿಂದ ಇನ್ನಷ್ಟು ಸರಾಗವಾಗಿ ಓಡಾಡುತ್ತದೆ. ಈ ವ್ಯತ್ಯಾಸ ತಿಳಿಯುವುದು ಪ್ರಾಣದ ಪ್ರಶ್ನೆ. ಮಾತು ತೊದಲಿ ಒಂದು ಕೈ ಸೋತು ಬಂದವರನ್ನು ಲಕ್ವವೆಂದು ತಿಳಿದು ಹೆಪ್ಪು ಕರಗಿಸುವ ಔಷಧ ಕೊಟ್ಟರೆ, ಈಗಾಗಲೇ ಒಸರುತ್ತಿರುವ ನಾಳಗಳು ಕಟ್ಟೆಯೊಡೆಯಬಹುದು.

ಮನೆಯವರ ಕಣ್ಣಿಗೆ ಈ ಕಾಯಿಲೆ ಹೇಗೆ ಕಾಣುತ್ತದೆ? ಎಪ್ಪತ್ತರ ಆಸುಪಾಸಿನ ಒಬ್ಬರು ಒಂದೆರಡು ತಿಂಗಳ ಹಿಂದಿನವರೆಗೆ ಬ್ಯಾಂಕಿನ ವ್ಯವಹಾರ ತಾವೇ ನೋಡಿಕೊಳ್ಳುತ್ತಿದ್ದವರು. ಈಗ ಹಣ ಎಣಿಸಲು ಬರುತ್ತಿಲ್ಲ. ತಲೆನೋವು ಎನ್ನುತ್ತಾರೆ. ಮನೆಯವರ ಮೇಲೆ ಕಾರಣವಿಲ್ಲದೆ ಸಿಟ್ಟಾಗುತ್ತಾರೆ, ಇಲ್ಲವೇ ಇಡೀ ದಿನ ಮಂಕಾಗಿ ಕೂರುತ್ತಾರೆ. ಒಂದು ಕಡೆಯ ನೋಟ ತಪ್ಪಿ ಬಾಗಿಲ ಚೌಕಟ್ಟಿಗೆ ಹಾಯುತ್ತಾರೆ. ಒಂದು ರಾತ್ರಿ ಫಿಟ್ಸ್ ಬರುತ್ತದೆ. ನಮ್ಮಲ್ಲಿ ವಯಸ್ಸಾದವರ ಗೊಂದಲಕ್ಕೆ ಅರಳುಮರಳು ಎಂದುಬಿಡುವ ರೂಢಿ ಇದೆ, ಅದರಲ್ಲಿ ಪ್ರೀತಿಯೂ ಇರುತ್ತದೆ. ಆದರೆ ಆಲ್‌ಝೈಮರ್‌ನಂಥ ಮರೆವು ವರ್ಷಗಳ ಲೆಕ್ಕದಲ್ಲಿ ಇಳಿಯುವಂಥದ್ದು. ವಾರಗಳಲ್ಲಿ, ತಿಂಗಳೊಪ್ಪತ್ತಿನಲ್ಲಿ ಇಳಿದರೆ ಅದನ್ನು ವಯಸ್ಸಿನ ಖಾತೆಗೆ ಹಾಕಿ ಸುಮ್ಮನಿರಬಾರದು. ಯಾವಾಗಿನಿಂದ ಹೀಗೆ ಎಂಬ ಪ್ರಶ್ನೆಗೆ ಮನೆಯವರು ಕೊಡುವ ಸರಿಯಾದ ಉತ್ತರ ಎಷ್ಟೋ ಪರೀಕ್ಷೆಗಳಿಗಿಂತ ಬೆಲೆಯುಳ್ಳದ್ದು.

ಹಿಂದೆ ಇಂಥವರಿಗೆ ಮುಂದಿನ ಹೆಜ್ಜೆ ಬಯಾಪ್ಸಿಯಾಗಿತ್ತು. ತಲೆಬುರುಡೆಯಲ್ಲಿ ರಂಧ್ರ ಮಾಡಿ ಮೆದುಳಿನ ಚೂರು ತೆಗೆದು ಪರೀಕ್ಷಿಸುವುದು. ಎಷ್ಟೋ ಸಲ ಅದನ್ನು ಮಾಡಿದ್ದೇ ಗಡ್ಡೆಯಿರಬೇಕೆಂಬ ಅನುಮಾನದಿಂದ, ಏಕೆಂದರೆ ಒಂದೇ ಕಡೆ ಊದಿದ ಬಿಳಿ ಬಾವು ನೋಡಲು ಗಡ್ಡೆಯ ಸುತ್ತಲಿನ ಬಾವಿನಂತೆಯೇ ಇರುತ್ತದೆ. ಬಯಾಪ್ಸಿಯಲ್ಲೂ ಒಂದು ಸೂಕ್ಷ್ಮವಿದೆ. ಬಿಳಿಯಾಗಿ ಕಾಣುವುದು ವೈಟ್ ಮ್ಯಾಟರ್, ಕಾಯಿಲೆ ಇರುವುದು ಅದರ ಮೇಲಿನ ಹೊರಪದರ ಮತ್ತು ಪೊರೆಯ ನಾಳಗಳಲ್ಲಿ. ಚಿತ್ರದಲ್ಲಿ ಬೆಳ್ಳಗಿರುವ ಜಾಗದಿಂದ ಮಾತ್ರ ಚೂರು ತೆಗೆದರೆ ಅಸಲು ನಾಳಗಳೇ ಅದರಲ್ಲಿ ಇರುವುದಿಲ್ಲ.

2016ರಲ್ಲಿ ಗ್ರೀನ್‌ಬರ್ಗ್ ಅವರ ಬಳಗವೇ, ಈಟನ್ ಔರಿಯೆಲ್ ಮೊದಲ ಲೇಖಕರಾಗಿ, ಚಿತ್ರ ನೋಡಿಯೇ ರೋಗ ಹೇಳುವ ನಿಯಮಗಳನ್ನು ಪರೀಕ್ಷಿಸಿ ಪ್ರಕಟಿಸಿತು. ವಯಸ್ಸು 40 ದಾಟಿರಬೇಕು. ತಲೆನೋವು, ಪ್ರಜ್ಞೆ ಮಂಕಾಗುವುದು, ನಡವಳಿಕೆಯ ಬದಲಾವಣೆ, ಫಿಟ್ಸ್, ಕೈಕಾಲು ಅಥವಾ ಮಾತಿನ ದೋಷ, ಇವುಗಳಲ್ಲಿ ಒಂದಾದರೂ ಇರಬೇಕು, ಅದಕ್ಕೆ ಹೊಸ ರಕ್ತಸ್ರಾವವೇ ನೇರ ಕಾರಣ ಆಗಿರಬಾರದು. ಹೊರಪದರದ ತಳದವರೆಗೆ ಚಾಚಿದ, ಎಡಬಲ ಸಮವಿಲ್ಲದ ಬಿಳಿ ಇರಬೇಕು. ಅಂಚಿನಲ್ಲಿ ರಕ್ತದ ಗುರುತು, ಅದು ಚುಕ್ಕೆಯೋ ದೊಡ್ಡ ಸ್ರಾವವೋ ಮೇಲ್ಮೈಯ ಕಬ್ಬಿಣದ ಲೇಪವೋ, ಒಂದಾದರೂ ಇರಬೇಕು. ಸೋಂಕು, ಗಡ್ಡೆ ಮುಂತಾದವು ಇಲ್ಲವೆಂದು ಖಚಿತವಾಗಬೇಕು. ಬಯಾಪ್ಸಿ ಅಥವಾ ಶವಪರೀಕ್ಷೆಯಿಂದ ಕಾಯಿಲೆ ದೃಢಪಟ್ಟಿದ್ದ 17 ಮಂದಿಯ ಹಳೆಯ ಚಿತ್ರಗಳಿಗೆ ಈ ನಿಯಮ ಹಚ್ಚಿದಾಗ 14 ಮಂದಿಯನ್ನು ಅದು ಸರಿಯಾಗಿ ಹಿಡಿಯಿತು. ಉರಿಯೂತವಿಲ್ಲದ ಬರಿಯ ಅಮೈಲಾಯ್ಡ್ ಆಂಜಿಯೋಪತಿ ಇದ್ದವರಲ್ಲಿ ನೂರಕ್ಕೆ 97ರಷ್ಟು ಮಂದಿಯನ್ನು ಸರಿಯಾಗಿ ಹೊರಗಿಟ್ಟಿತು. 17 ಎಂಬುದು ಸಣ್ಣ ಸಂಖ್ಯೆ, ನಿಜ. ಆದರೆ ಮೆದುಳಿನ ಅಂಗಾಂಶವನ್ನೇ ನೋಡಿ ಖಚಿತಪಡಿಸಿಕೊಂಡ ಇಂಥ ರೋಗಿಗಳ ಚಿತ್ರಗಳು ಇಷ್ಟು ಒಂದೆಡೆ ಸಿಗುವುದೇ ಕಷ್ಟ. ಆ ಲೇಖನ ಬಂದ ಮೇಲೆ ಬಹಳಷ್ಟು ಕಡೆ ಕ್ರಮ ಬದಲಾಯಿತು. ಚಿತ್ರ ನಿಯಮಕ್ಕೆ ಸರಿಹೊಂದಿದರೆ ಬಯಾಪ್ಸಿಯನ್ನು ಬದಿಗಿಟ್ಟು ಮೊದಲು ಚಿಕಿತ್ಸೆ ಕೊಟ್ಟು ನೋಡುತ್ತಾರೆ.

ಸೋಂಕು ಇಲ್ಲವೆಂದು ಖಚಿತವಾಗಬೇಕು ಎಂಬ ಆ ಒಂದು ಸಾಲು ನಮ್ಮ ದೇಶದಲ್ಲಿ ಪಾಶ್ಚಾತ್ಯ ದೇಶಗಳಿಗಿಂತ ಭಾರವಾದದ್ದು. ಇಲ್ಲಿ ಮೆದುಳಿನಲ್ಲಿ ಕರಿ ಚುಕ್ಕೆ ಕಂಡ ಕೂಡಲೇ ಅದು ರಕ್ತವೇ ಎನ್ನುವ ಹಾಗಿಲ್ಲ. ಲಾಡಿಹುಳುವಿನ ಮರಿಗಳು ಮೆದುಳಿಗೆ ಹೋಗಿ, ಸತ್ತು, ಸುಣ್ಣಗಟ್ಟಿ ಉಳಿದ ಚುಕ್ಕೆಗಳು ಭಾರತದಲ್ಲಿ ಅಪರೂಪವಲ್ಲ. ಅವೂ ಫಿಟ್ಸ್ ತರುತ್ತವೆ, ಅವುಗಳ ಸುತ್ತಲೂ ಬಾವು ಬರುತ್ತದೆ, ಎಸ್‌ಡಬ್ಲ್ಯೂಐನಲ್ಲಿ ಅವೂ ಕಪ್ಪೇ. ಕ್ಷಯದ ಗಂಟುಗಳೂ ಬಾವು ತರುತ್ತವೆ. ಸುಣ್ಣವನ್ನೂ ಕಬ್ಬಿಣವನ್ನೂ ಬೇರ್ಪಡಿಸುವ ಉಪಾಯ ಎಸ್‌ಡಬ್ಲ್ಯೂಐನಲ್ಲೇ ಇದೆ. ಅದರ ಜೊತೆಗೆ ತಯಾರಾಗುವ ಫೇಸ್ ಚಿತ್ರದಲ್ಲಿ ಕಬ್ಬಿಣ ಮತ್ತು ಸುಣ್ಣ ಒಂದಕ್ಕೊಂದು ವಿರುದ್ಧ ಬಣ್ಣದಲ್ಲಿ ಕಾಣುತ್ತವೆ, ಏಕೆಂದರೆ ಒಂದು ಕಾಂತಕ್ಷೇತ್ರವನ್ನು ಹೆಚ್ಚಿಸಿಕೊಳ್ಳುತ್ತದೆ, ಇನ್ನೊಂದು ದೂರ ತಳ್ಳುತ್ತದೆ. ಅದಕ್ಕಿಂತ ಸುಲಭದ ದಾರಿ ಹಳೆಯ ಸಿ.ಟಿ. ಸ್ಕ್ಯಾನ್. ಸುಣ್ಣ ಸಿ.ಟಿ.ಯಲ್ಲಿ ಬೆಳ್ಳಗೆ ಹೊಳೆಯುತ್ತದೆ, ರಕ್ತದ ಹಳೆಯ ಚುಕ್ಕೆ ಕಾಣುವುದೇ ಇಲ್ಲ. ಇದನ್ನು ಬಿಡದೆ ನೋಡಬೇಕು. ಮುಂದಿನ ಚಿಕಿತ್ಸೆ ಸ್ಟೀರಾಯ್ಡ್, ಗುರುತಿಸದೇ ಉಳಿದ ಕ್ಷಯದ ಮೇಲೆ ಸ್ಟೀರಾಯ್ಡ್ ಒಂದನ್ನೇ ಸುರಿದರೆ ಆಗುವ ಅನಾಹುತ ದೊಡ್ಡದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಮಂದಿಯನ್ನು ವರ್ಷಗಳ ಕಾಲ ಗಮನಿಸುವ ಗುರಿ ಇಟ್ಟುಕೊಂಡು ಕೆಲಸ ಮಾಡುತ್ತಿದೆ. ಆ ಅಧ್ಯಯನದಲ್ಲಿ ಮೆದುಳಿನ ಎಂಆರ್‌ಐ ಕೂಡ ಸೇರಿದೆ. ಇದನ್ನು ಇಲ್ಲಿ ಹೇಳಲು ಕಾರಣವಿದೆ. ಮುಪ್ಪಿನ ಮೆದುಳಿನಲ್ಲಿ ಯಾವುದು ಸಹಜ, ಯಾವುದು ಕಾಯಿಲೆ ಎಂಬ ಗೆರೆಯನ್ನು ಇದುವರೆಗೆ ಬಹುತೇಕ ಎಳೆದದ್ದು ಬಾಸ್ಟನ್, ಲಂಡನ್, ರಾಟರ್‌ಡ್ಯಾಮ್‌ಗಳ ಜನರ ಚಿತ್ರ ನೋಡಿ. ಕೋಲಾರದ ರೈತನ ಮೆದುಳಿನಲ್ಲಿ ಎಪ್ಪತ್ತಕ್ಕೆ ಎಷ್ಟು ಬಿಳಿ, ಎಷ್ಟು ಕರಿ ಸಹಜ ಎಂಬುದನ್ನು ಅವನ ನೆರೆಹೊರೆಯವರ ಚಿತ್ರಗಳೇ ಹೇಳಬೇಕು.

ಚಿಕಿತ್ಸೆಯ ವಿಷಯ ಚಿಕ್ಕದು. ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ಸಾಮಾನ್ಯವಾಗಿ ದಿನಕ್ಕೆ 1 ಗ್ರಾಮಿನಂತೆ ಮೂರರಿಂದ ಐದು ದಿನ ರಕ್ತನಾಳಕ್ಕೆ ಹಾಕುತ್ತಾರೆ. ಆಮೇಲೆ ಮಾತ್ರೆಯಾಗಿ ಕೊಟ್ಟು ತಿಂಗಳುಗಟ್ಟಲೆ ನಿಧಾನವಾಗಿ ಇಳಿಸುತ್ತಾರೆ. ಸಾಲದಿದ್ದರೆ ಸೈಕ್ಲೋಫಾಸ್ಫಮೈಡ್‌ನಂಥ ಇನ್ನೂ ಬಲವಾದ ಔಷಧಗಳಿವೆ. ಎಲ್ಲರೂ ಗುಣವಾಗುವುದಿಲ್ಲ. ಕೆಲವರಿಗೆ ಕಾಯಿಲೆ ಮರುಕಳಿಸುತ್ತದೆ, ಅದರಲ್ಲೂ ಔಷಧ ಕೊಡದೆ ಬಿಟ್ಟವರಲ್ಲಿ ಮರುಕಳಿಕೆ ಹೆಚ್ಚು ಎಂದು 2020ರ ಬಾಸ್ಟನ್ ಅಧ್ಯಯನ ತೋರಿಸಿತು. ಸ್ಪಂದಿಸಿದವರ ಎರಡನೇ ಸ್ಕ್ಯಾನ್‌ನಲ್ಲಿ ಬಿಳಿ ಬಾವು ಹಿಂದೆ ಸರಿದಿರುತ್ತದೆ. ಕರಿ ಚುಕ್ಕೆಗಳು ಇದ್ದಲ್ಲೇ ಇರುತ್ತವೆ, ಒಮ್ಮೊಮ್ಮೆ ಬಾವು ಇದ್ದ ಜಾಗದಲ್ಲಿ ಹೊಸ ಚುಕ್ಕೆಗಳೂ ಹುಟ್ಟಿರುತ್ತವೆ. ಹೀಗಾಗಿ ಇದು ಅಮೈಲಾಯ್ಡಿಗೆ ಮದ್ದಲ್ಲ, ಅದರ ಮೇಲೆ ಎದ್ದ ಜಗಳಕ್ಕೆ ಮಾತ್ರ ಮದ್ದು. ಆ ಜಗಳ ಪ್ರತಿಕಾಯಗಳದ್ದೇ ಎಂಬುದಕ್ಕೆ ಇಟಲಿಯ ಫಾಬ್ರಿಜಿಯೋ ಪಿಯಾಟ್ಸಾ ಅವರ ತಂಡ ಪುರಾವೆ ಒದಗಿಸಿದೆ. ಕಾಯಿಲೆ ಜೋರಾಗಿದ್ದಾಗ ರೋಗಿಗಳ ಬೆನ್ನುಹುರಿಯ ದ್ರವದಲ್ಲಿ ಅಮೈಲಾಯ್ಡ್ ವಿರುದ್ಧದ ಪ್ರತಿಕಾಯಗಳು ಏರಿರುತ್ತವೆ, ಇಳಿದಾಗ ಅವೂ ಇಳಿಯುತ್ತವೆ. ಅಂದರೆ ಎಎನ್-1792 ಲಸಿಕೆ ಹೊರಗಿನಿಂದ ಮಾಡಿಸಿದ್ದನ್ನು ಇವರ ದೇಹ ಒಳಗಿನಿಂದ ಮಾಡಿಕೊಂಡಿತ್ತು.

ಲಸಿಕೆ ನಿಂತರೂ ಆಲೋಚನೆ ನಿಲ್ಲಲಿಲ್ಲ. ದೇಹದಿಂದ ಪ್ರತಿಕಾಯ ಮಾಡಿಸುವ ಬದಲು ಕಾರ್ಖಾನೆಯಲ್ಲಿ ತಯಾರಿಸಿದ ಪ್ರತಿಕಾಯವನ್ನೇ ಡ್ರಿಪ್ ಮೂಲಕ ಕೊಡುವ ಔಷಧಗಳು ಬಂದವು. ಲೆಕಾನೆಮಾಬ್‌ಗೆ ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಮಂಜೂರಾತಿ ಸಿಕ್ಕಿತು, ಡೊನಾನೆಮಾಬ್‌ಗೆ 2024ರಲ್ಲಿ. ಅವುಗಳ ಪ್ರಯೋಗಗಳಲ್ಲಿ ರೇಡಿಯಾಲಜಿಸ್ಟರು ಕಂಡದ್ದು ಅದೇ ಬಿಳಿ ಬಾವು, ಅದೇ ಕರಿ ಚುಕ್ಕೆ. ಲೆಕಾನೆಮಾಬ್ ಪಡೆದವರಲ್ಲಿ ನೂರಕ್ಕೆ 12.6 ಮಂದಿಗೆ ಬಾವು ಬಂತು, ಹುಸಿಮದ್ದು ಪಡೆದವರಲ್ಲಿ 1.7 ಮಂದಿಗೆ. ಇ-4 ಜೀನು ಎರಡೂ ಕಡೆಯಿಂದ ಬಂದಿದ್ದವರಲ್ಲಿ ಆ ಪ್ರಮಾಣ 32.6ಕ್ಕೆ ಏರಿತು. 2004ರ ಆ ಏಳು ರೋಗಿಗಳಲ್ಲಿ ಐವರಿಗೆ ಇದ್ದ ಜೀನು ಇದೇ. 2023ರಲ್ಲಿ ವರದಿಯಾದ ಒಂದು ಪ್ರಕರಣದಲ್ಲಿ, ಲೆಕಾನೆಮಾಬ್ ಪಡೆಯುತ್ತಿದ್ದ ಒಬ್ಬರಿಗೆ ಲಕ್ವದ ಲಕ್ಷಣ ಕಂಡು ಹೆಪ್ಪು ಕರಗಿಸುವ ಔಷಧ ಕೊಟ್ಟಾಗ ಮೆದುಳಿನ ಎಷ್ಟೋ ಕಡೆ ರಕ್ತಸ್ರಾವವಾಗಿ ಅವರು ತೀರಿಕೊಂಡರು. ಶವಪರೀಕ್ಷೆಯಲ್ಲಿ ಸಿಕ್ಕಿದ್ದು ನಾಳಗಳಲ್ಲಿ ಅಮೈಲಾಯ್ಡ್, ಅದರ ಸುತ್ತ ಉರಿಯೂತ.

ಹೀಗಾಗಿ ಅಪರೂಪದ ಕಾಯಿಲೆಯೊಂದನ್ನು ಹಿಡಿಯಲು ಕಲಿತ ಚಿತ್ರ ಓದುವ ವಿದ್ಯೆ ಈಗ ಸಾವಿರಾರು ಜನರಿಗೆ ಬೇಕಾಗಿದೆ. ಲೆಕಾನೆಮಾಬ್ ಆರಂಭಿಸುವ ಮುನ್ನ ಒಂದು ಎಂಆರ್‌ಐ ಕಡ್ಡಾಯ. ಆಮೇಲೆ 5, 7 ಮತ್ತು 14ನೇ ಡೋಸ್‌ಗೆ ಮುಂಚೆ ಮತ್ತೆ ಸ್ಕ್ಯಾನ್. 2025ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು 3ನೇ ಡೋಸ್‌ಗೆ ಮುಂಚೆಯೂ ಒಂದು ಬೇಕೆಂದರು. ಲೆಕಾನೆಮಾಬ್‌ನ ಮುಖ್ಯ ಪ್ರಯೋಗದಲ್ಲಿ ನಾಲ್ಕಕ್ಕಿಂತ ಹೆಚ್ಚು ಕರಿ ಚುಕ್ಕೆ ಇದ್ದವರನ್ನು ಸೇರಿಸಿಕೊಂಡಿರಲಿಲ್ಲ. ನಾಲ್ಕೋ ಐದೋ ಎಂಬ ಎಣಿಕೆಯ ಮೇಲೆ ಒಬ್ಬರಿಗೆ ಔಷಧ ಕೊಡುವುದೋ ಬಿಡುವುದೋ ನಿರ್ಧಾರವಾಗುವಾಗ, ಎಣಿಸಿದ್ದು ಯಾವ ಚಿತ್ರದಲ್ಲಿ ಎಂಬುದೂ ಗೊತ್ತಿರಬೇಕು. ಗ್ರೇಡಿಯೆಂಟ್ ಎಕೋದಲ್ಲಿ ಮೂರು ಕಂಡ ಮೆದುಳಿನಲ್ಲಿ ಎಸ್‌ಡಬ್ಲ್ಯೂಐ ಆರು ತೋರಿಸಬಹುದು. 1.5 ಟೆಸ್ಲಾ ಯಂತ್ರದಲ್ಲಿ ಕಾಣದ್ದು 3 ಟೆಸ್ಲಾದಲ್ಲಿ ಕಾಣಬಹುದು. ಚುಕ್ಕೆ ಹೊಸದೋ, ಯಂತ್ರ ಹೊಸದೋ ಎಂಬ ಗೊಂದಲ ಬಾರದಿರಲು ಒಬ್ಬರ ಎಲ್ಲ ಸ್ಕ್ಯಾನ್‌ಗಳನ್ನೂ ಆದಷ್ಟು ಒಂದೇ ಯಂತ್ರದಲ್ಲಿ, ಒಂದೇ ಬಗೆಯಲ್ಲಿ ತೆಗೆಸಬೇಕೆಂದು ತಜ್ಞರು ಹೇಳುತ್ತಾರೆ. ನಮ್ಮಲ್ಲಿ ಸ್ಕ್ಯಾನ್ ಫಿಲಂ, ಸಿ.ಡಿ.ಗಳು ರೋಗಿಯ ಮನೆಯಲ್ಲೇ ಇರುತ್ತವೆ. ಎರಡನೇ ಸ್ಕ್ಯಾನ್‌ಗೆ ಹೊರಡುವಾಗ ಮೊದಲನೆಯದರ ವರದಿಯ ಹಾಳೆಯಷ್ಟೇ ಸಾಲದು, ಆ ಸಿ.ಡಿ.ಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಬೇಕು. ರೇಡಿಯಾಲಜಿಸ್ಟ್ ಎರಡನ್ನೂ ಅಕ್ಕಪಕ್ಕ ತೆರೆದಿಟ್ಟಾಗಲೇ ಹಳೆಯ ಚುಕ್ಕೆ ಯಾವುದು, ಹೊಸ ಬಾವು ಯಾವುದು ಎಂಬುದು ಇತ್ಯರ್ಥವಾಗುವುದು.